ಶಿಬೆನಿಕ್‌ಗೆ ಬರ್ತೀನಿ ಅಂದಿದ್ದೆ

ಹೋದ ವಾರ ಡಿಯರ್‌ಬಾರ್ನ್‌ನ ಅರಬ್ಬರ ಅಂಗಡಿಯೊಂದರಲ್ಲಿ ಖರ್ಜೂರ ಆರಿಸುತ್ತಿದ್ದಾಗ ಒಳಗಿನಿಂದ ಕಾಫಿಯ ವಾಸನೆ ಬಂತು. ನಮ್ಮ ಫಿಲ್ಟರ್ ಕಾಫಿಯದಲ್ಲ. ಪುಡಿಯನ್ನು ನೀರಿಗೇ ಸುರಿದು, ಉಕ್ಕುವವರೆಗೆ ಕುದಿಸಿ, ಸೋಸದೆ ಗಸಿ ಸಮೇತ ಕೊಡುತ್ತಾರಲ್ಲ, ಅದು. ಮೈಸೂರಿನವಳಾದ ನನಗೆ ಅದನ್ನು ಕಾಫಿ ಅನ್ನಲು ಇವತ್ತಿಗೂ ಬಾಯಿ ಬಾರದು. ಆದರೂ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹಿಂದೆ ಎದುರುಮನೆಯಲ್ಲಿದ್ದ ಆಂಟಿಯ ಅಡುಗೆಮನೆಯದೇ ವಾಸನೆ...

ಮಿಷಿಗನ್ನಿನ ಪ್ಲಿಮತ್‌ಗೆ ಬರುವ ಮೊದಲು ನಾವು ಶಿಕಾಗೋ ಹತ್ತಿರ ಲೊಂಬಾರ್ಡ್‌ನಲ್ಲಿದ್ದೆವು. ಮದುವೆಯಾದ ಹೊಸತು. ನನ್ನವರು ಆಫೀಸಿಗೆ ಹೊರಟರೆ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಡ್ರೈವಿಂಗ್ ಬಾರದು, ಕೆಲಸ ಮಾಡಲು ಪರ್ಮಿಟ್ ಇಲ್ಲ. ಎದುರು ಬಾಗಿಲಿನ ಆಂಟಿ ಕ್ರೊಯೇಷಿಯಾದವರು. ಏಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಶಿಬೆನಿಕ್ ಎಂಬ ಹಳೇ ಪಟ್ಟಣ ಅವರ ಊರು. ಗಂಡ ತೀರಿಹೋಗಿ ಒಂಟಿಯಾಗಿದ್ದರು. ಅವರ ಇಂಗ್ಲಿಷು ಅಷ್ಟಕ್ಕಷ್ಟೇ, ನನ್ನದು ಪುಸ್ತಕದ್ದು. ಆದರೂ ದಿನಾ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಮಾತೇ ಮಾತು. ಊರಿನ ಸುದ್ದಿ ಬಂದರೆ ಆಂಟಿ ಕುರ್ಚಿ ಬಿಟ್ಟು ಏಳುತ್ತಿದ್ದರು. ಊರೆಲ್ಲ ಕಲ್ಲಿನ ಮೆಟ್ಟಿಲಂತೆ, ದೊಡ್ಡ ಚರ್ಚಿನ ಹೊರಗೋಡೆಯ ಸುತ್ತ ಕಲ್ಲಿನಲ್ಲಿ ಕೆತ್ತಿದ ತಲೆಗಳಂತೆ. ಅದರಲ್ಲೊಂದು ಥೇಟ್ ಅವರ ಮಾವನ ಹಾಗೆ ಮೂತಿ ಊದಿಸಿಕೊಂಡಿದೆಯಂತೆ. ಅದನ್ನು ನಟಿಸಿ ತೋರಿಸುವಾಗ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಏಳುವಾಗ ಮಾತ್ರ ನನ್ನದೊಂದು ಅಭ್ಯಾಸ. ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನುವುದುಂಟೇ? ಬಿಡ್ತು ಅನ್ನು! ‘ಬರ್ತೀನಿ’ ಅನ್ನಬೇಕು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ವಿಲ್ ಕಮ್, ಆಂಟಿ’ ಅನ್ನುತ್ತಿದ್ದೆ. ಮಾರನೆಯ ದಿನ ಹೇಗೂ ಹೋಗುತ್ತಿದ್ದೆನಲ್ಲ, ಅವರಿಗೆ ಆ ಮಾತಿನ ಮೇಲೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಕೊನೆಗೊಮ್ಮೆ ಆಂಟಿ ಊರಿಗೇ ವಾಪಸು ಹೊರಟರು. ಪಾರ್ಕಿಂಗ್ ಲಾಟ್‌ನಲ್ಲಿ ಟ್ಯಾಕ್ಸಿ ನಿಂತಿತ್ತು. ಅಪ್ಪಿಕೊಂಡು ಇಬ್ಬರೂ ಅತ್ತೆವು. ನನ್ನ ಬಾಯಿಂದ ಅದೇ ಬಂತು, ‘ಐ ವಿಲ್ ಕಮ್, ಆಂಟಿ.’

ಆಂಟಿ ಅಳು ನಿಲ್ಲಿಸಿ ನನ್ನ ಭುಜ ಹಿಡಿದುಕೊಂಡರು. ‘ಶಿಬೆನಿಕ್? ಯೂ ಕಮ್?’

ಇಲ್ಲ ಆಂಟಿ, ಇದು ನಮ್ಮ ಕಡೆ ಸುಮ್ಮನೆ ಹೇಳುವ ಮಾತು ಅಂತ ಬಿಡಿಸಿ ಹೇಳಬಹುದಿತ್ತು. ಆ ಮುಖ ನೋಡಿ ಯಾರಿಗೆ ಮನಸ್ಸು ಬಂದೀತು? ‘ಯೆಸ್, ಯೆಸ್, ಸಮ್ಮರ್’ ಅಂದುಬಿಟ್ಟೆ.

ಆಮೇಲೆ ಮಗಳು ಹುಟ್ಟಿದಳು, ಊರು ಬದಲಾಯಿತು, ಫೋನ್ ನಂಬರೂ ಬದಲಾಯಿತು... ಹೋದದ್ದು ಈ ಬೇಸಿಗೆಯಲ್ಲಿ. ಅದೇ ಕರಾವಳಿಯ ಸ್ಪ್ಲಿಟ್ ಪಟ್ಟಣದಿಂದ ಬಸ್ಸಿನಲ್ಲಿ ಒಂದು ದಿನದ ಟೂರ್, ಮಧ್ಯೆ ಶಿಬೆನಿಕ್‌ನಲ್ಲಿ ಒಂದೂವರೆ ಗಂಟೆ. ನನ್ನವರು ಐಸ್‌ಕ್ರೀಮ್ ಹಿಡಿದು ಕೆಳಗೆ ಕೂತರು. ನಾನು ಮಗಳನ್ನು ಕರೆದುಕೊಂಡು, ಆಂಟಿ ಆಗೆಲ್ಲ ಹೇಳುತ್ತಿದ್ದ ಚರ್ಚಿನ ಹಿಂದಿನ ಮೆಟ್ಟಿಲೋಣಿಯಲ್ಲಿ ಅವರ ಹೆಸರು ಹೇಳಿ ವಿಚಾರಿಸುತ್ತ ಹತ್ತಿದೆ. ಕೊನೆಗೂ ಮಾತು ಉಳಿಸಿಕೊಂಡೆ ಅಂತ ಜಂಭ ಬೇರೆ!

ಬಾಗಿಲು ತೆಗೆದವಳು ಆಂಟಿಯ ಸೊಸೆ. ನನ್ನನ್ನು ನೋಡಿ ಕೈ ಬಾಯಿಯ ಮೇಲೆ ಇಟ್ಟುಕೊಂಡಳು. ಲೊಂಬಾರ್ಡ್‌ನ ಇಂಡಿಯಾ ಹುಡುಗಿ ನೀವೇನಾ ಅಂತ ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಓಣಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಕೂಗಿದಳು. ಕಿಟಕಿಗಳು ತೆರೆದವು. ಮುದುಕಿಯರು ಬಗ್ಗಿ ಬಗ್ಗಿ ನನ್ನನ್ನು ನೋಡಿದರು. ಒಬ್ಬಾಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಹೋದ ವರ್ಷದ ಚಳಿಗಾಲದಲ್ಲಿ ಆಂಟಿ ತೀರಿಹೋಗಿದ್ದರು.

ಪ್ರತಿ ಬೇಸಿಗೆ ಬಂದಾಗಲೂ ಮೇಲಿನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಹಾಸಿಗೆ ಹಾಸಿ, ನನ್ನ ಇಂಡಿಯಾ ಹುಡುಗಿ ಬರ್ತಾಳೆ ಅಂತ ಓಣಿಗೆಲ್ಲ ಸಾರುತ್ತಿದ್ದರಂತೆ. ಮೊದಮೊದಲು ಜನ ನಂಬಿದರು. ಆಮೇಲಾಮೇಲೆ ಎಲ್ಲಿ ನಿಮ್ಮ ಹುಡುಗಿ ಅಂತ ಕೆಣಕತೊಡಗಿದರು. ‘ಒಂದು ಸಲ ನಾನೇ ಅಂದುಬಿಟ್ಟೆ,’ ಸೊಸೆ ತಲೆ ತಗ್ಗಿಸಿದಳು. ‘ಅಂಥವಳು ಯಾರೂ ಇಲ್ಲ, ನೀವು ಕಟ್ಟಿ ಹೇಳ್ತಿದೀರಿ ಅಂತ. ಅವತ್ತಿನಿಂದ ಅತ್ತೆ ನಿಮ್ಮ ಮಾತೇ ಎತ್ತಲಿಲ್ಲ.’

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿದವಳು ನಾನು, ಸುಳ್ಳಿ ಅನ್ನಿಸಿಕೊಂಡವರು ಆಂಟಿ.

ಅತ್ತೆಯ ಸಮಾಧಿ ಇಲ್ಲೇ ಗುಡ್ಡದ ಮೇಲೆ, ಕೋಟೆಯ ಪಕ್ಕದಲ್ಲಿದೆ, ಬನ್ನಿ, ತೋರಿಸ್ತೀನಿ ಅಂತ ಸೊಸೆ ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ನನ್ನವರ ಫೋನ್. ‘ಎಲ್ಲಿದೀಯೇ? ಗೈಡ್ ಕೂಗಾಡ್ತಿದಾನೆ, ಬೇಗ ಬಾ!’

‘ಅಮ್ಮಾ, ಲೆಟ್ಸ್ ಗೋ ವಿತ್ ಹರ್. ವಿ ಕ್ಯಾನ್ ಟೇಕ್ ಎ ಕ್ಯಾಬ್,’ ಅಂದಳು ಮಗಳು.

‘ಇಡೀ ಬಸ್ಸು ನಮಗೋಸ್ಕರ ಕಾಯ್ತಾ ಇದೆ ಕಣೇ, ಜನ ಏನಂದ್ಕೋತಾರೆ?’ ಅಂದೆ.

ಅಂದದ್ದು ನಾನೇ. ಸೊಸೆ ಹೊಸ್ತಿಲಲ್ಲಿ ಹಾಗೇ ನಿಂತಳು. ನಾನು ಮಗಳ ಕೈ ಹಿಡಿದು ದಡದಡ ಮೆಟ್ಟಿಲಿಳಿದೆ. ಬಸ್ಸಿನಲ್ಲಿ ನಮ್ಮನ್ನು ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ.

ಈಗ ಇಲ್ಲಿ ಯಾರಾದರೂ ಟ್ರಿಪ್ ಹೇಗಿತ್ತು ಅಂತ ಕೇಳಿದರೆ ಫೋಟೋ ತೋರಿಸುತ್ತೇನೆ. ಮಗಳು ಎದ್ದು ಆಚೆ ಹೋಗುತ್ತಾಳೆ. ಇನ್ನೊಂದು ಸಲ ಹೋದರಾಯ್ತು ಬಿಡು ಅಂತಾರೆ ನನ್ನವರು. ಯಾವ ಮುಖ ಇಟ್ಟುಕೊಂಡು ಹೋಗಲಿ? ಆಂಟಿಯೇ ಇಲ್ಲ... ಅಂಥವಳೊಬ್ಬಳು ನಿಜವಾಗಿಯೂ ಇದ್ದಾಳೆ ಅಂತ ಆ ಓಣಿಗೆ ಗೊತ್ತಾಯಿತು. ಎಂಥವಳು ಅನ್ನುವುದೂ ಗೊತ್ತಾಯಿತು.