ಅಪ್ಪನ ಕಂಬಳಿಯ ತೂತುಗಳು

ಅಪ್ಪನನ್ನು ಕಡಿದವನು ನನ್ನ ದೊಡ್ಡಪ್ಪ. ಕುಣಿಗಲ್ ಕಡೆಯ ನಮ್ಮೂರಲ್ಲಿ, ಮಾರ್ಕೋನಹಳ್ಳಿ ನಾಲೆಯ ತೂಬಿನ ಹತ್ತಿರ, ನೀರಿನ ಸರದಿಗೆ ಎದ್ದ ಜಗಳ. ಅಪ್ಪ ಹೊದ್ದಿದ್ದ ಕರಿ ಕಂಬಳಿ ಕೇಸು ಮುಗಿದು ವಾಪಸ್ಸು ಬಂದಾಗ ಅವ್ವ ಅದನ್ನು ಒಗೆಯದೆ ಟ್ರಂಕಿನಲ್ಲಿಟ್ಟಳು. ಅಪ್ಪನ ವಾಸನೆ ಕೆಡುತ್ತದೆಂದು ನುಸಿಗುಳಿಗೆಯನ್ನೂ ಹಾಕಲಿಲ್ಲ. ಯಾರಾದರೂ ರಾಜಿಯ ಮಾತೆತ್ತಿದರೆ ಅವರ ಮುಖದೆದುರು ಬಿಡಿಸಿ ಹಿಡಿಯುತ್ತಿದ್ದಳು.

"ನೋಡ್ರಪ್ಪ, ಕುರಿ ಕೊಚ್ಚಿದಂಗೆ ಕೊಚ್ಚವ್ನೆ ಆ ಕಟುಕ!"

ಒಂದೇ ಏಟು ಹಾಕಿದ್ದು ಎಂದು ದೊಡ್ಡಪ್ಪ ಕೋರ್ಟಿನಲ್ಲಿ ಹೇಳಿದ್ದ. ಹೆಣ ಕೊಯ್ದ ಡಾಕ್ಟರೂ ಹಾಗೇ ಅಂದಿದ್ದರು. ಅವ್ವನ ಪ್ರಕಾರ ಡಾಕ್ಟರು ದುಡ್ಡು ತಿಂದಿದ್ದರು. ನಾನೂ ನಂಬಲಿಲ್ಲ. ಚಿಕ್ಕವಳಿದ್ದಾಗ ನಾಲೆ ಏರಿಯ ಮೇಲೆ ನಿಂತು ನೋಡಿದವಳು ನಾನು. ಮಚ್ಚು ಮತ್ತೆ ಮತ್ತೆ ಎದ್ದು ಬೀಳುತ್ತಿತ್ತು.

ಈಗ ತುಮಕೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಹಳೇ ಬಟ್ಟೆಗಳನ್ನು ಯಾವ ಹುಳ ತಿನ್ನುತ್ತಿದೆ ಎಂದು ಗುರುತಿಸುವುದು ನನ್ನ ಕೆಲಸ. ದೊಡ್ಡಪ್ಪನಿಗೆ ಲಕ್ವ ಹೊಡೆದಿದೆ, ಇಲ್ಲೇ ಶೆಟ್ಟಿಹಳ್ಳಿಯ ಮಗಳ ಮನೆಯಲ್ಲಿದ್ದಾನೆ, ಸಾಯುವ ಮೊದಲು ಅವ್ವನ ಮುಖ ನೋಡಬೇಕಂತೆ ಎಂದು ಸುದ್ದಿ ಬಂದ ಮಾರನೇ ದಿನ ಅವ್ವ ಕಂಬಳಿಯೊಂದಿಗೆ ನನ್ನ ಮೇಜಿನ ಮುಂದೆ ನಿಂತಿದ್ದಳು.

"ಗಾಜಿನ ಪೆಟ್ಟಿಗೇಲಿ ಇಡು ಇದ್ನ. ಊರೆಲ್ಲ ನೋಡ್ಲಿ. ನಾನಂತೂ ಅವ್ನ ಮನೆ ಹೊಸ್ಲು ತುಳಿಯಾಕಿಲ್ಲ."

ಗುಬ್ಬಿಯಿಂದ ಬಂದಿದ್ದ ನಾಟಕದ ಮಖಮಲ್ ಕೋಟನ್ನು ಸರಿಸಿ ಕಂಬಳಿ ಹಾಸಿ, ಭೂತಗನ್ನಡಿ ಹಿಡಿದೆ. ಹೆಗಲ ಹತ್ತಿರ ಒಂದು ಸೀಳು. ಎಳೆಗಳೆಲ್ಲ ಒಂದೇ ಗೆರೆಯಲ್ಲಿ ತುಂಡಾಗಿದ್ದವು. ಉಳಿದ ತೂತುಗಳ ಅಂಚು ಮೇಯ್ದ ಹಾಗೆ ಏರುಪೇರು. ನುಸಿಯಾಗಿದ್ದರೆ ನೂಲಿನ ಬಲೆ ಇರುತ್ತಿತ್ತು. ಇಲ್ಲಿದ್ದದ್ದು ಕಳಚಿಬಿದ್ದ ಕಂದು ರೋಮದ ಪೊರೆಗಳು, ಉಣ್ಣೆ ತಿನ್ನುವ ಪುಟ್ಟ ಜೀರುಂಡೆಯ ಮರಿಗಳವು. ಅವಕ್ಕೆ ಕೊಳೆಯಾದ ಉಣ್ಣೆ ಇಷ್ಟ. ರಕ್ತ ಹರಿದ ದಾರಿಯುದ್ದಕ್ಕೂ ತಿಂದಿದ್ದವು.

ಮಚ್ಚಿನ ಏಟು ಇದೊಂದೇ, ಉಳಿದವು ಹುಳ ತಿಂದದ್ದು ಎಂದು ಹೇಳಿದೆ. ಅವ್ವ ನನ್ನ ಕೆನ್ನೆಗೆ ಬಾರಿಸಿದಳು.

"ಹುಳ ನೋಡಾಕೆ ಓದ್ಸಿದ್ನೇನೇ ನಿನ್ನ? ಅವ್ನ ಪರ ವಕಾಲತ್ತು ಮಾಡ್ತೀಯಾ? ನೀನೇ ನೋಡ್ದೋಳು ಕಣೇ!"

ನೋಡಿದ್ದೆನೋ, ಈ ತೂತುಗಳನ್ನು ನೋಡುತ್ತ ಬೆಳೆದು ಅವಕ್ಕೆ ತಕ್ಕಷ್ಟು ಏಟು ನೆನಪಿನಲ್ಲಿ ಕೂಡಿಸಿಕೊಂಡೆನೋ. ಭೂತಗನ್ನಡಿಯನ್ನು ಅವಳ ಕೈಗಿತ್ತೆ. ಬಹಳ ಹೊತ್ತು ಬಗ್ಗಿ ನೋಡಿದಳು. ಮಡಿಕೆಯಿಂದ ಒಂದು ಜೀವಂತ ಮರಿ ಹೊರಬಂತು. ಹೆಬ್ಬೆರಳ ಉಗುರಿನಿಂದ ಅದನ್ನು ಮೇಜಿಗೆ ಒತ್ತಿ ಅರೆದಳು. ಅದು ನುಗ್ಗಾದ ಮೇಲೂ ಅರೆಯುತ್ತಲೇ ಇದ್ದಳು.

"ಆಟೋ ಕರಿ."

ಮಗಳ ಮನೆಯಲ್ಲಿ ಮಲಗಿದ್ದ ದೊಡ್ಡಪ್ಪನ ಬಾಯಿ ಒಂದು ಕಡೆಗೆ ಎಳೆದಿತ್ತು. ಅವ್ವನನ್ನು ಕಂಡು ಸರಿಯಿದ್ದ ಕೈ ಎತ್ತಿದ. ಅವ್ವ ಆ ಕೈಯನ್ನು ತಳ್ಳಿ, ಕಂಬಳಿಯನ್ನು ಅವನ ಎದೆಯ ಮೇಲೆ ಎಸೆದಳು. ಸೀಳಿನೊಳಗೆ ಬೆರಳು ತೂರಿಸಿ ಅವನ ಕಣ್ಣಿಗೆ ಚುಚ್ಚುವಷ್ಟು ಹತ್ತಿರ ಹಿಡಿದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ.

"ಭಾವ, ಇದೊಂದೇ ನಿಮ್ದು. ಮಿಕ್ಕಿದ್ದೆಲ್ಲ ಹುಳದ್ದಂತೆ, ನಿಮ್ ತಲೆಗೆ ಕಟ್ಟಾಕಿಲ್ಲ. ಈ ಒಂದ್ರಲ್ಲೇ ಸತ್ರು ಅವ್ರು."

ಕಂಬಳಿಯನ್ನು ಅವನ ಮೇಲೆಯೇ ಬಿಟ್ಟು ಹೊರಗೆ ನಡೆದಳು.