ನೊಲೀನಮ್ಮನ ನಂಬರು
ದಕ್ಷಿಣ ಆಕ್ಲೆಂಡಿನ ಲೈಬ್ರರಿಯಲ್ಲಿ ಕೂತು ಹುಡುಗರಿಗೆ ಮೊದಲ ಕೆಲಸದ ಸಿವಿ ಬರೆಸುವ ನೊಲೀನಮ್ಮನಿಗೆ ‘ನಾನೇನೂ ಮಾಡಿಲ್ಲ’ ಎಂಬ ಮಾತು ಕೇಳಿದರೆ ಹಬ್ಬ. “ಮಾಡ್ದೇ ಇರೋದನ್ನ ಆಮೇಲೆ ಬರಿಯೋಣ. ಇವತ್ತು ಎದ್ದು ಏನ್ ಮಾಡ್ದೆ, ಅದನ್ನ ಹೇಳು ತಾಯಿ” ಎಂದು ಕೊರೆಯುತ್ತಾರೆ. ಬೇಕರಿ ಕೆಲಸಕ್ಕೆ ಆಸೆಪಟ್ಟು ಬಂದ ಹದಿನಾರರ ಸಿಯೆನಿ, ಆಸ್ಪತ್ರೆಯಲ್ಲಿ ಅಜ್ಜಿಗೆ ದುಭಾಷಿಯಾದದ್ದು, ಚರ್ಚಿನ ಇನ್ನೂರು ಜನಕ್ಕೆ ಟಾರೋ ಗೆಡ್ಡೆ ಸುಲಿದದ್ದು, ಎಲ್ಲವನ್ನೂ ತಪ್ಪೊಪ್ಪಿಗೆಯಂತೆ ಹೇಳಿ ಮುಗಿಸಿದಳು. ಸಿಕ್ಕಿಕೊಂಡದ್ದು ಕೊನೆಯ ಸಾಲಿನಲ್ಲಿ: ಅವಳ ಪರವಾಗಿ ಮಾತಾಡಬಲ್ಲ, ಸಂಬಂಧಿಕರಲ್ಲದ ಒಬ್ಬರ ಹೆಸರು ಬೇಕು. ಎಲ್ಲರೂ ಒಬ್ಬರಿಗೊಬ್ಬರು ನೆಂಟರೇ ಆದ ಅವಳ ಸಮೋವಾ ದ್ವೀಪದವರ ಬೀದಿಯಲ್ಲಿ ಅಂಥವರನ್ನು ಎಲ್ಲಿಂದ ತರುವುದು? “ಪಾದ್ರಿ?” “ಮಾವ.” “ಬಸ್ ಡ್ರೈವರು?” “ಚಿಕ್ಕಮ್ಮ.” “ನಿಮ್ಮನೆ ಬೆಕ್ಕೂ ಸೋದರತ್ತೆನೇ ಇರ್ಬೇಕು ಬಿಡು” ಎಂದ ನೊಲೀನಮ್ಮ ತಮ್ಮದೇ ನಂಬರು ಬರೆದರು. ಹದಿನೈದು ವರ್ಷದಿಂದ ಎಷ್ಟೋ ಮಕ್ಕಳ ಸಿವಿಯಲ್ಲಿ ಅದೇ ನಂಬರು. ಮಂಗಳವಾರ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆತಂದ ಸಿಯೆನಿ ಬಾಗಿಲಲ್ಲೇ ನಿಂತುಬಿಟ್ಟಳು. ನಾಲ್ಕನೆಯ ಕುರ್ಚಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವರು ನೊಲೀನಮ್ಮ. ಫೋನು ಬಡಿದುಕೊಂಡಿತು. ಅವರು ಎದ್ದು ನೆಟ್ಟಗೆ ಕೂತು, ಸೂಜಿಯಿಲ್ಲದ ಕೈಯಿಂದ ಕೂದಲು ಸವರಿಕೊಂಡು, ಆಮೇಲೆ ಅದನ್ನೆತ್ತಿದರು. “ಬೇಕರಿಯವ್ರಾ? ಸಿಯೆನಿ ಚೆನ್ನಾಗಿ ಗೊತ್ತು. ನೀವು ಬಾಗ್ಲು ತೆಗೆಯೋ ಮುಂಚೆನೇ ಬಂದು ನಿಂತಿರ್ತಾಳೆ. ಸರಿ, ಗುರುವಾರ ಕಳಿಸ್ತೀನಿ. ನಾನಾ, ಸಂಬಂಧಿಕಳಾ? ಇನ್ನೂ ಆಗಿಲ್ಲಪ್ಪ.”