ಒಂದು ರಾತ್ರಿಗೆ ಬೇಡಿ ತಂದ ಕಂಬಳಿಗಳು

ನಮ್ಮ ಬಾಜೂ ಮನೆಯ ಆಯಿಯ ಅಂಗೈ ಕರ್ರಗೆ, ಅಂಟಂಟು. ತಂಬಾಕಿನ ಜಿಗುಟು ಅದು, ಬೂದಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಿಂದ ಬೆಲ್ಲ ಕೊಟ್ಟರೆ ಬೆಲ್ಲವೂ ಕಹಿ. ಆದರೂ ಹುಕ್ಕೇರಿ ಕಡೆಯ ನಮ್ಮ ಹಳ್ಳಿಯ ಮಕ್ಕಳೆಲ್ಲ ಅವಳ ಕಟ್ಟೆಗೇ ಓಡುತ್ತಿದ್ದೆವು, ಬೈಸಿಕೊಳ್ಳಲು. ಅಷ್ಟು ಚೆಂದ ಬೈಯುತ್ತಿದ್ದಳು.

ಕಡಿದ ತಂಬಾಕನ್ನು ಹೊಲದಲ್ಲೇ ಹರವಿ ಒಣಗಿಸುತ್ತಿದ್ದೆವು. ಒಣಗಿದ ಎಲೆಯನ್ನು ಬಿಸಿಲಲ್ಲಿ ಮುಟ್ಟಿದರೆ ಹಪ್ಪಳದಂತೆ ಪುಡಿ. ನಸುಕಿನ ಇಬ್ಬನಿಗೆ ಮೆತ್ತಗಾದಾಗಲೇ ಎತ್ತಬೇಕು. ಆಯಿ ಎಲೆಯನ್ನು ಕೆನ್ನೆಗೆ ಹಿಡಿದು ನೋಡಿ ತಲೆಯಾಡಿಸಿದ ಮೇಲೆಯೇ ನಾವು ಬಗ್ಗುತ್ತಿದ್ದೆವು.

ನನ್ನ ಮದುವೆ ಗೊತ್ತಾದ ವರ್ಷ. ಹುಡುಗ ಮೂಡಲಗಿಯವರು. ಮದುವೆ ಪೂರ್ತಿ ಆ ಎಲೆ ಮಾರಿ ಬರುವ ದುಡ್ಡಿನ ಮೇಲೆಯೇ ನಿಂತಿತ್ತು. ಎಲೆ ಒಣಗಿ ಸಿದ್ಧವಾಗುವುದಕ್ಕೂ ಮೋಡ ಕವಿಯುವುದಕ್ಕೂ ಸರಿಹೋಯಿತು. ಮೋಡವಿದ್ದ ರಾತ್ರಿ ಇಬ್ಬನಿ ಬೀಳುವುದಿಲ್ಲ. ಮುಂಜಾನೆ ನೋಡಿದರೆ ಎಲೆ ಗರಗರ. ಮಳೆ ಬಂದರೆ ಕೊಳೆತು ಹೋಗುತ್ತದೆ, ಈಗಲೇ ಎತ್ತಿದರೆ ಪುಡಿಯಾಗುತ್ತದೆ. ದಿಕ್ಕು ತೋಚದೆ ಅಪ್ಪ ನೀರು ಚಿಮುಕಿಸಲು ಕೊಡ ಎತ್ತಿದರು. ಆಯಿ ಕಸಿದುಕೊಂಡಳು.

“ನೀರ ಕುಡಿಸಿದ್ರ ಬೂಷ್ಟ ಹಿಡಿತೈತೋ ತಮ್ಮಾ. ನೀರಿನ ಉಸರ ಅಷ್ಟ ಬಡೀಬೇಕ ಅದಕ್ಕ.”

ಕಂಬಳಿ ತೋಯಿಸಿ, ಹಿಂಡಿ, ಕೋಲುಗಳ ಮೇಲೆ ಎಲೆಗೆ ತಾಗದಂತೆ ಹೊದಿಸಬೇಕು, ಒಳಗಿನ ಗಾಳಿಗೇ ಎಲೆ ಮೆತ್ತಗಾಗುತ್ತದೆ ಎಂದಳು. ಆದರೆ ಚಳಿಗಾಲದಲ್ಲಿ ಅಷ್ಟು ಕಂಬಳಿ ಯಾರು ಕೊಟ್ಟಾರು? ನನ್ನನ್ನು ಕರೆದುಕೊಂಡು ಕುರಿ ಕಾಯುವವರ ಓಣಿಗೆ ನಡೆದೇಬಿಟ್ಟಳು. ಮೊದಲ ಮನೆಯ ಮುದುಕಿ ಕಂಬಳಿಯನ್ನು ಎದೆಗೆ ಅವುಚಿಕೊಂಡು, “ನಿನ್ನ ತಂಬಾಕಕ್ಕ ಹೊಚ್ಚಿ ನಮ್ಮನ್ನ ಥಂಡ್ಯಾಗ ಸಾಯಸ್ತಿ ಏನಬೇ?” ಎಂದಳು.

“ಇವತ್ತ ಮ್ಯಾಲ ಮುಗಲ ಹೊಚಗೊಂಡೈತಿ. ನೆಲದ ಕಾವ ಎಲ್ಲೂ ಹೋಗಂಗಿಲ್ಲ. ಥಂಡಿ ಹತ್ತಿದ್ರ ನನ್ನ ಒಲಿ ಮುಂದ ಬಂದ ಮಕ್ಕೊ, ಹೊತ್ತ ಮುಳುಗಿಂದ ಹೊಂಡೂತನಕಾ ಬೈ.”

ಮುದುಕಿ ಗೊಣಗುತ್ತಲೇ ಕೊಟ್ಟಳು. ಅವಳು ಕೊಟ್ಟದ್ದು ಕಂಡು ಓಣಿಯೆಲ್ಲ ಕೊಟ್ಟಿತು. ಸಂಜೆಯೊಳಗೆ ಎಲೆ ಬಟ್ಟೆಯಂತೆ ಮೆತ್ತಗಾಯಿತು. ಎಲ್ಲರೂ ಸೇರಿ ಹೊತ್ತು ಒಳಗಿಟ್ಟೆವು. ತೋಯಿಸಿದ ಕಂಬಳಿಗಳು ಇನ್ನೂ ಹಸಿ. ಆ ರಾತ್ರಿ ಓಣಿಯಲ್ಲಿ ಯಾರಿಗೂ ಹೊದಿಕೆಯಿಲ್ಲ, ಯಾರೂ ನಡುಗಲೂ ಇಲ್ಲ. ಮುಂಜಾನೆ ಧೋ ಎಂದು ಮಳೆ. ಆ ಮುದುಕಿ ಮಳೆಯಲ್ಲೇ ಬಂದು, ಸೆಕೆಗೆ ನಿದ್ದೆಯೇ ಬರಲಿಲ್ಲವೆಂದು ಆಯಿಯ ಜೊತೆ ಜಗಳಕ್ಕೆ ನಿಂತಳು. ಆಯಿ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು.

ನಾನು ಮೂಡಲಗಿಗೆ ಬಂದ ಎರಡನೆಯ ಬೇಸಿಗೆಗೆ ಆಯಿ ತೀರಿಹೋದಳು. ನಾನು ಬಾಣಂತಿ, ಮಣ್ಣಿಗೂ ಹೋಗಲಾಗಲಿಲ್ಲ.

ಧಾರವಾಡದಲ್ಲಿ ಓದುವ ನನ್ನ ಮೊಮ್ಮಗಳು ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು: ಗಾಳಿಯಲ್ಲಿರುವ ನೀರಿನ ಆವಿ ಭೂಮಿಯ ಕಾವನ್ನು ಹಿಡಿದಿಡುತ್ತದಂತೆ. ನಾವು ಬಿಡುವ ಹೊಗೆಗೆ ಭೂಮಿ ಬಿಸಿಯಾದರೆ ಆವಿ ಹೆಚ್ಚುತ್ತದೆ, ಆವಿ ಹೆಚ್ಚಿದರೆ ಬಿಸಿ ಇನ್ನೂ ಏರುತ್ತದೆ. ಅದರ ಮೇಲೆಯೇ ಅವಳ ಓದಂತೆ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಆದರೂ ಎಲ್ಲ ತಿಳಿಯಿತು. ಹಿಗ್ಗು ತಡೆಯಲಾರದೆ ಅವಳ ತಾಟಿಗೆ ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಾ ಆಯಿಯ ಕತೆಯನ್ನೆಲ್ಲ ಹೇಳಿದೆ.

ಹುಡುಗಿ ತಾಟಿನಲ್ಲಿದ್ದ ಕೊನೆಯ ಹೋಳಿಗೆಯನ್ನೂ ಮುಗಿಸಿತು. ಆಮೇಲೆ, “ಅವರ ಕಂಬಳಿ ಇರಲಿಲ್ಲಂದ್ರ ನಿನ್ನ ಮದುವಿನ ಆಗತಿರಲಿಲ್ಲ. ಹಂಗಾರ ನಾ ಆ ಓಣಿಯವರಿಗೆಲ್ಲ ಮೊಮ್ಮಗಳ ಆಗಬೇಕಲ್ಲಬೇ” ಎಂದಳು.